ಅಂಗಡಿಯ ಹೊಸ 3050ಯೋ, ಗೆಳೆಯನ ಹಳೇ 6600ಯೋ?

ಪ್ರಶ್ನೆ: ಸರ್, ರಾಯಚೂರಿನಲ್ಲಿ ಬಿಸಿಎ ಎರಡನೇ ವರ್ಷ ಓದುತ್ತಿದ್ದೇನೆ. ಸಂಜೆ ಹುಡುಗರಿಗೆ ಟ್ಯೂಷನ್ ಹೇಳಿ 20 ಸಾವಿರ ರೂಪಾಯಿ ಕೂಡಿಸಿದ್ದೇನೆ. ಪಿಸಿ ಅಣ್ಣನದು: ಐ5-10400, ಎಚ್410 ಬೋರ್ಡ್, 8 ಜಿಬಿಯ ಒಂದೇ ಒಂದು ರ‍್ಯಾಮ್, ಕ್ಯಾಬಿನೆಟ್ ಜೊತೆಗೇ ಬಂದ 450 ವಾಟ್ ಎಸ್‌ಎಂಪಿಎಸ್, 75 ಹರ್ಟ್ಸ್‌ನ 1080ಪಿ ಮಾನಿಟರ್. ಗ್ರಾಫಿಕ್ಸ್ ಕಾರ್ಡ್ ಇಲ್ಲ. ವ್ಯಾಲರಂಟ್, ಜಿಟಿಎ 5 ಆಡುತ್ತೇನೆ. ಸೈಬರ್‌ಪಂಕ್ ಆಡುವ ಆಸೆ. ಇಲ್ಲಿನ ಅಂಗಡಿಯವರು ಹೊಸ ಆರ್‌ಟಿಎಕ್ಸ್ 3050 6 ಜಿಬಿಗೆ 17,500 ಹೇಳಿದ್ದಾರೆ. ಬೆಂಗಳೂರಿನ ಗೆಳೆಯ ತನ್ನ ಆರ್‌ಎಕ್ಸ್ 6600 ಅನ್ನು 12,500ಕ್ಕೆ ಕೊಡುತ್ತಾನಂತೆ. ಆನ್‌ಲೈನ್‌ನಲ್ಲಿ ಆರ್‌ಎಕ್ಸ್ 580 8 ಜಿಬಿ ಏಳು ಸಾವಿರಕ್ಕೇ ಸಿಗುತ್ತಿದೆ. ಕೇಳಿದವರೆಲ್ಲ "ಎನ್ವಿಡಿಯಾನೇ ತಗೋ" ಅನ್ನುತ್ತಾರೆ. ಯಾವುದು ತಗೊಳ್ಳಲಿ?

ಉತ್ತರ: ಗೆಳೆಯನ 6600 ತಗೊಳ್ಳಿ. ಆದರೆ ಅವನಿಗೆ ಒಂದು ರೂಪಾಯಿ ಕಳಿಸುವ ಮುಂಚೆ, ಇವತ್ತೇ ಸಂಜೆ, ಪ್ಲಗ್ ಕಿತ್ತು ಕ್ಯಾಬಿನೆಟ್‌ನ ಪಕ್ಕದ ಬಾಗಿಲು ಬಿಚ್ಚಿ ಎಸ್‌ಎಂಪಿಎಸ್ (ಪಿಸಿಗೆಲ್ಲ ಕರೆಂಟು ಹಂಚುವ ಡಬ್ಬ) ಮೇಲಿನ ಸ್ಟಿಕ್ಕರ್ ಓದಿ. ನಿಮ್ಮ ಪ್ರಶ್ನೆಯಲ್ಲಿ ನನಗೆ ಭಯ ಹುಟ್ಟಿಸಿದ್ದು ಕಾರ್ಡಲ್ಲ, "ಕ್ಯಾಬಿನೆಟ್ ಜೊತೆಗೇ ಬಂದ" ಅನ್ನುವ ಆ ಮಾತು.

ಸ್ಟಿಕ್ಕರ್ ಮೇಲೆ ದಪ್ಪಕ್ಷರದಲ್ಲಿ 450 ಅಂತ ಇರುತ್ತದೆ. ಅದನ್ನು ಬಿಡಿ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ಪಟ್ಟಿ ಇರುತ್ತದೆ: 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್, ಪ್ರತಿಯೊಂದರ ಕೆಳಗೆ ಎಷ್ಟು ಆಂಪ್ ಅಂತ. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು 12 ವೋಲ್ಟ್‌ನ ತಟ್ಟೆಯಿಂದ. ಅಲ್ಲಿ 16 ಆಂಪ್ ಅಂತಿದ್ದರೆ 12 ಇಂಟು 16, ಅಂದರೆ 192 ವಾಟ್. ಹೊರಗೆ 450 ಅಂತ ಬರೆದು ಒಳಗೆ ಇಷ್ಟೇ ಕೊಡುವ ಡಬ್ಬಗಳನ್ನು ನಾನು ಬೇಕಾದಷ್ಟು ಬಿಚ್ಚಿ ನೋಡಿದ್ದೇನೆ. ಕೈಯಲ್ಲಿ ಹಿಡಿದರೆ ತಗಡಿನ ಡಬ್ಬಿ ಹಿಡಿದಷ್ಟು ಹಗುರ. ಸರಿಯಾದ 450 ವಾಟ್‌ನದಾದರೆ 12 ವೋಲ್ಟ್‌ನ ಕೆಳಗೆ 35 ಆಂಪ್‌ನ ಆಸುಪಾಸು ಇರಬೇಕು.

ನಿಮ್ಮ ಲೆಕ್ಕ ಹೀಗಿದೆ. ಆರ್‌ಎಕ್ಸ್ 6600 ಪೂರ್ತಿ ದುಡಿದರೆ 132 ವಾಟ್ ಎಳೆಯುತ್ತದೆ. ಐ5-10400ರ ಡಬ್ಬಿಯ ಮೇಲೆ 65 ವಾಟ್ ಅಂತ ಇದ್ದರೂ ಕ್ಷಣಕಾಲ ಅದರ ಎರಡು ಪಟ್ಟು ಎಳೆಯಬಲ್ಲದು. ಫ್ಯಾನ್, ಡಿಸ್ಕ್, ಬೋರ್ಡ್ ಸೇರಿಸಿದರೆ ಮುನ್ನೂರರ ಹತ್ತಿರ. ಒಳ್ಳೆಯ 450 ವಾಟ್ ಎಸ್‌ಎಂಪಿಎಸ್‌ಗೆ ಇದು ಭಾರವಲ್ಲ, ನಕಲಿ 450ಕ್ಕೆ ಇದು ಸಾವು. ಸತ್ತರೂ ಒಂಟಿಯಾಗಿ ಸಾಯುವುದಿಲ್ಲ. ವರ್ಷಗಳ ಹಿಂದೆ ನನ್ನದೇ ಮೇಜಿನ ಮೇಲೆ ಅಂಥದ್ದೊಂದು "ಟಪ್" ಅಂದು, ಮದರ್‌ಬೋರ್ಡನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಎಂಟುನೂರು ರೂಪಾಯಿ ಉಳಿಸಿದೆ ಅಂದುಕೊಂಡಿದ್ದವನು ನಾನು.

ಇನ್ನೊಂದು ನೋಡುವುದಿದೆ. 6600ಗೆ ಎಂಟು ಪಿನ್ನಿನ ಪಿಸಿಐಇ ಪವರ್ ಕೇಬಲ್ ಬೇಕು. ಸಾಮಾನ್ಯವಾಗಿ ಆರು ಮತ್ತು ಎರಡು ಪಿನ್ ಒಟ್ಟಿಗೆ ಜೋಡಿಸುವಂತೆ ಇರುತ್ತದೆ. ಅದು ನಿಮ್ಮ ಎಸ್‌ಎಂಪಿಎಸ್‌ನಿಂದಲೇ ಹೊರಬಂದಿರಬೇಕು. ಇಲ್ಲದಿದ್ದರೆ ಅಂಗಡಿಯವರು ನೂರು ರೂಪಾಯಿಯ ಮೋಲೆಕ್ಸ್ ಕನ್ವರ್ಟರ್ ಹಾಕಿಕೊಡುತ್ತಾರೆ, "ಏನಾಗಲ್ಲ ತಗೊಳ್ರಿ" ಅಂತ. ತಗೊಳ್ಳಬೇಡಿ. ಎಸ್‌ಎಂಪಿಎಸ್‌ ತಯಾರಿಸಿದವನೇ ಆ ಕೇಬಲ್ ಕೊಟ್ಟಿಲ್ಲ ಎಂದರೆ ಅಷ್ಟು ಭಾರ ಹೊರಲು ಅದು ಆಗುವುದಿಲ್ಲ ಎಂದೇ ಅರ್ಥ. ಮೂರು, ಮೂರೂವರೆ ಸಾವಿರ ಎತ್ತಿಟ್ಟು 80 ಪ್ಲಸ್ ಬ್ರಾಂಜ್ ಗುರುತಿರುವ, ಹೆಸರು ಕೇಳಿರುವ ಕಂಪನಿಯ ಒಂದನ್ನು ತಗೊಳ್ಳಿ. ಮುಂದೆ ಕಾರ್ಡ್ ಬದಲಾಯಿಸಿದರೂ ಅದು ಉಳಿಯುತ್ತದೆ.

ಈಗ ಕಾರ್ಡಿಗೆ ಬರೋಣ. ಆರ್‌ಟಿಎಕ್ಸ್ 3050 ಅನ್ನುವ ಹೆಸರಿನಲ್ಲಿ ಎರಡು ಬೇರೆ ಬೇರೆ ಕಾರ್ಡ್‌ಗಳಿವೆ. 2022ರ ಜನವರಿಯಲ್ಲಿ ಬಂದದ್ದು 8 ಜಿಬಿಯದು: 2560 ಕೋರ್, ಮೆಮೊರಿಗೆ 128 ಬಿಟ್ ದಾರಿ. 2024ರ ಫೆಬ್ರವರಿಯಲ್ಲಿ ಬಂದ 6 ಜಿಬಿಯದರಲ್ಲಿ ಮೆಮೊರಿಯಷ್ಟೇ ಕಡಿಮೆಯಾಗಿಲ್ಲ. ಕೋರ್ 2304ಕ್ಕೆ ಇಳಿಯಿತು, ದಾರಿ 96 ಬಿಟ್‌ಗೆ ಕಿರಿದಾಯಿತು, ಸೆಕೆಂಡಿಗೆ 224 ಜಿಬಿ ಹರಿಯುತ್ತಿದ್ದದ್ದು 168ಕ್ಕೆ ಬಂತು. ಹೆಸರು ಮಾತ್ರ ಅದೇ. ಮನೆತನದ ಹೆಸರು ನೋಡಿ ಹೆಣ್ಣು ಕೊಟ್ಟ ಹಾಗೆ ಜನ ಕೊಳ್ಳುತ್ತಾರೆ. ಮೂಲ 8 ಜಿಬಿಯ 3050ಕ್ಕಿಂತಲೇ 6600 ಸುಮಾರು ಕಾಲು ಭಾಗಕ್ಕೂ ಹೆಚ್ಚು ವೇಗ. ಈ 6 ಜಿಬಿಯದರ ಎದುರು ಹೆಚ್ಚೂ ಕಡಿಮೆ ಒಂದೂವರೆ ಪಟ್ಟು.

ಒಂದೂವರೆ ಪಟ್ಟು ಅನ್ನುವುದನ್ನು ರೂಪಾಯಿಗೆ ತಿರುಗಿಸಿ ನೋಡಿ. ಒಂದು ಭಾರವಾದ ಗೇಮ್‌ನಲ್ಲಿ 3050 6 ಜಿಬಿ ಸೆಕೆಂಡಿಗೆ 40 ಫ್ರೇಮ್ ಕೊಟ್ಟರೆ 6600 ಕೊಡುವುದು 60ರ ಹತ್ತಿರ. 17,500 ಅನ್ನು 40ರಿಂದ ಭಾಗಿಸಿ: ಒಂದು ಫ್ರೇಮಿಗೆ 437 ರೂಪಾಯಿ. 12,500 ಅನ್ನು 60ರಿಂದ ಭಾಗಿಸಿ: 208. ನಾನು ಯಾವ ಕಾರ್ಡ್ ಬಗ್ಗೆ ಯಾರು ಕೇಳಿದರೂ ಮೊದಲು ಮಾಡುವುದು ಈ ಭಾಗಾಕಾರವನ್ನೇ. ನೀವು ಆಡುವ ಗೇಮ್, ನಿಮ್ಮ ರೆಸಲ್ಯೂಷನ್, ಅವತ್ತು ನಿಮಗೆ ಹೇಳಿದ ರೇಟು, ಇಷ್ಟು ಸಾಕು. ಡಬ್ಬಿಯ ಮೇಲೆ ರಾಕ್ಷಸ ಇದ್ದಾನೋ ರೋಬೋ ಇದ್ದಾನೋ ಯಾಕೆ ಬೇಕು?

ಹೊಸದಕ್ಕೆ ಮೂರು ವರ್ಷ ವಾರಂಟಿ ಇರುತ್ತದಲ್ಲ ಅಂತ ನೀವು ಕೇಳಬಹುದು. ನ್ಯಾಯವಾದ ಮಾತು. ಅದಕ್ಕೊಂದು ಬೆಲೆ ಇದೆ, ನಾನು ಒಪ್ಪುತ್ತೇನೆ. ಆದರೆ ಕಳೆದುಕೊಳ್ಳುವ ಮೂರನೇ ಒಂದು ಪಾಲು ವೇಗಕ್ಕೂ ಹೆಚ್ಚು ಕೊಡುವ ಐದು ಸಾವಿರಕ್ಕೂ ಸಮನಾದ ಬೆಲೆಯಲ್ಲ. ಗೆಳೆಯನ ಹತ್ತಿರ ಮೂಲ ಬಿಲ್ಲು ಇದ್ದರೆ ಅದನ್ನೂ ಇಸಿದುಕೊಳ್ಳಿ. ವಾರಂಟಿ ಇನ್ನೂ ಆರು ತಿಂಗಳು ಉಳಿದಿದ್ದರೂ ಲಾಭವೇ.

3050 6 ಜಿಬಿಯನ್ನು ನಾನು ಪೂರ್ತಿ ತೆಗೆದುಹಾಕುವುದಿಲ್ಲ. ಅದು 70 ವಾಟ್‌ನ ಕಾರ್ಡ್. ಬಹುತೇಕ ಮಾದರಿಗಳಿಗೆ ಪ್ರತ್ಯೇಕ ಪವರ್ ಕೇಬಲ್ಲೇ ಬೇಡ, ಸ್ಲಾಟ್‌ನಿಂದ ಬರುವ ಕರೆಂಟೇ ಸಾಕು. ಆಫೀಸುಗಳಿಂದ ಹರಾಜಾಗಿ ಬರುವ ತೆಳ್ಳನೆಯ ಬ್ರ್ಯಾಂಡೆಡ್ ಪಿಸಿಗಳಿವೆಯಲ್ಲ, ಎಸ್‌ಎಂಪಿಎಸ್ ಬದಲಾಯಿಸಲೂ ಬಾರದ ಅಂಥವುಗಳಿಗೆ ಇದು ವರ. ನಿಮ್ಮದು ಸಾಮಾನ್ಯ ಕ್ಯಾಬಿನೆಟ್, ನಿಮಗೆ ಆ ಕಟ್ಟುಪಾಡು ಇಲ್ಲ.

ಇನ್ನು ಆ ಏಳು ಸಾವಿರದ ಆರ್‌ಎಕ್ಸ್ 580. 8 ಜಿಬಿ ಅನ್ನುವ ಅಂಕಿಯೇ ಅದನ್ನು ಮಾರುತ್ತಿರುವುದು. ಮೆಮೊರಿಯನ್ನು ತಾರಸಿಯ ಮೇಲಿನ ನೀರಿನ ಟ್ಯಾಂಕ್ ಅಂದುಕೊಳ್ಳಿ. ಎಷ್ಟು ದೊಡ್ಡ ಟ್ಯಾಂಕ್ ಇಟ್ಟರೂ ಕೆಳಗಿನ ಪೈಪು ಕಡ್ಡಿಯಷ್ಟೇ ದಪ್ಪ ಇದ್ದರೆ ನಲ್ಲಿಯಲ್ಲಿ ತೊಟ್ಟು ತೊಟ್ಟಾಗಿಯೇ ಬರುತ್ತದೆ. ಜಿಟಿ 1030 ಇದಕ್ಕೆ ಒಳ್ಳೆ ಪಾಠ. ಅದರಲ್ಲಿ ಎರಡು ಮಾದರಿ: ಎರಡಕ್ಕೂ 2 ಜಿಬಿ, ಎರಡರ ಹೆಸರೂ ಒಂದೇ. ಜಿಡಿಡಿಆರ್5 ಇರುವುದರಲ್ಲಿ ಸೆಕೆಂಡಿಗೆ 48 ಜಿಬಿ ಹರಿಯುತ್ತದೆ, 2018ರಲ್ಲಿ ಬಂದ ಡಿಡಿಆರ್4 ಮಾದರಿಯಲ್ಲಿ 16.8. "4 ಜಿಬಿ ಗೇಮಿಂಗ್ ಕಾರ್ಡ್" ಅಂತ ಜಿಟಿ 730 ಮಾರುವವರೂ ಇದ್ದಾರೆ, ಅದು ವೀಡಿಯೊ ನೋಡಲಿಕ್ಕೆ ಸರಿ.

580ರ ಪೈಪು ತೆಳ್ಳಗಿಲ್ಲ, ಅದರ ರೋಗ ಬೇರೆ. 2017ರ ಕಾರ್ಡು, 185 ವಾಟ್ ನುಂಗುತ್ತದೆ, 6600ಕ್ಕಿಂತ ತುಂಬ ಹಿಂದೆ. ಅಗ್ಗಕ್ಕೆ ಬರುವುದರಲ್ಲಿ ಬಹಳಷ್ಟು "2048ಎಸ್‌ಪಿ" ಮಾದರಿಗಳು: ಮೊದಲು ಚೀನಾದ ಮಾರುಕಟ್ಟೆಗೆಂದು ಬಂದವು, 2304 ಕೋರ್‌ನ ಬದಲು 2048 ಇರುವ, ಅಂದರೆ 580ರ ಅಂಗಿ ತೊಟ್ಟ 570. ಗಣಿಗಾರಿಕೆಯಲ್ಲಿ ಹಗಲು ರಾತ್ರಿ ದುಡಿದು ಬಂದದ್ದಾಗಿರುವ ಸಾಧ್ಯತೆಯೂ ಜಾಸ್ತಿ. ನಾನು ಹೇಳುತ್ತಿರುವುದು ಬಳ್ಳಾರಿಯದಲ್ಲ, ಎಥೀರಿಯಂ ಎಂಬ ಡಿಜಿಟಲ್ ನಾಣ್ಯವನ್ನು ಕಾರ್ಡ್‌ಗಳಿಂದ ಗಳಿಸುವ ಗಣಿಗಾರಿಕೆ. ಬೆಳಕು, ನೆರಳನ್ನು ನಿಜದಂತೆ ಲೆಕ್ಕ ಹಾಕುವ ರೇ ಟ್ರೇಸಿಂಗ್ ಯಂತ್ರಾಂಶವೂ ಇದರಲ್ಲಿಲ್ಲ. ಮುಂಚೆ ಅದು ಶೋಕಿಯ ವಿಷಯವಾಗಿತ್ತು, ಈಗ ಹಾಗಲ್ಲ: 2025ರ ಮೇ ತಿಂಗಳಲ್ಲಿ ಬಂದ ಡೂಮ್: ದ ಡಾರ್ಕ್ ಏಜಸ್‌ಗೆ ಅದು ಕಡ್ಡಾಯ. 6600ನಲ್ಲಿ ಅದು ಇದೆ. ಚೆನ್ನಾಗಿ ಓಡುತ್ತದೆ ಅಂತ ಹೇಳಲಾರೆ, ಗೇಮ್ ಶುರುವಾಗಲು ಸಾಕು.

"ಎನ್ವಿಡಿಯಾನೇ ತಗೋ" ಅನ್ನುವವರ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆರ್‌ಟಿಎಕ್ಸ್ ಎನ್ವಿಡಿಯಾದ್ದು, ಆರ್‌ಎಕ್ಸ್ ಎಎಂಡಿಯದು. ಚಿಕ್ಕ ಚಿತ್ರವನ್ನು ಹಿಗ್ಗಿಸಿ ಫ್ರೇಮ್ ಹೆಚ್ಚಿಸುವ ಕೆಲಸದಲ್ಲಿ ಅವರ ಡಿಎಲ್‌ಎಸ್‌ಎಸ್ ಮುಂದಿದೆ. ಅದೇ ಕೆಲಸಕ್ಕೆ ಎಎಂಡಿಯದು ಎಫ್‌ಎಸ್‌ಆರ್; 6600ನಲ್ಲಿ ಓಡುವುದು ಅದರ ಹಳೆಯ ಪೀಳಿಗೆ, 1080ಪಿಯಲ್ಲಿ ದೂರದ ಎಲೆ, ತಂತಿ, ಕೂದಲು ಸ್ವಲ್ಪ ಮಿಣಮಿಣ ಅನ್ನುತ್ತವೆ. ಎಎಂಡಿಯ ಹೊಸ ಎಫ್‌ಎಸ್‌ಆರ್ 4 ಅಧಿಕೃತವಾಗಿ ಬಂದದ್ದು ಆರ್‌ಎಕ್ಸ್ 9000 ಸರಣಿಗೆ. ಡ್ರೈವರ್ ವಿಷಯದಲ್ಲೂ ಒಂದು ಕಸಿವಿಸಿ ಇದೆ: 2025ರ ಅಕ್ಟೋಬರ್‌ನಲ್ಲಿ ಎಎಂಡಿ 5000 ಮತ್ತು 6000 ಸರಣಿಗಳನ್ನು ಬೇರೆ ಕವಲಿಗೆ ಸರಿಸಿತು, ಬಳಕೆದಾರರು ರೇಗಿದ ಮೇಲೆ ಹೊಸ ಗೇಮ್‌ಗಳಿಗೆ ಬೆಂಬಲ ನಿಲ್ಲಿಸುವುದಿಲ್ಲ ಎಂದು ಸ್ಪಷ್ಟನೆ ಕೊಟ್ಟಿತು. ಇದನ್ನು ತಿಳಿದುಕೊಂಡೇ ಕೊಳ್ಳಿ. ಆದರೆ ಆ ಡಿಎಲ್‌ಎಸ್‌ಎಸ್ ಹಾಕಿಕೊಂಡು 3050 6 ಜಿಬಿ ಎಷ್ಟು ಫ್ರೇಮ್ ಮುಟ್ಟುತ್ತದೋ, ಹೆಚ್ಚಿನ ಗೇಮ್‌ಗಳಲ್ಲಿ 6600 ಏನೂ ಹಾಕಿಕೊಳ್ಳದೆ ಅಲ್ಲೇ ನಿಂತಿರುತ್ತದೆ.

ಒಂದೇ ಸಂದರ್ಭದಲ್ಲಿ ನಾನು ಮಾತು ಬದಲಾಯಿಸುತ್ತೇನೆ. ನೀವು ಬಿಸಿಎ. ಮುಂದೆ ಬ್ಲೆಂಡರ್ ಕಲಿಯುವುದು, ಎನ್ವಿಡಿಯಾದ ಕುಡಾ ತಂತ್ರಾಂಶ ಬೇಡುವ ಮೆಷಿನ್ ಲರ್ನಿಂಗ್ ಪ್ರಾಜೆಕ್ಟ್ ಮಾಡುವುದು ಖಂಡಿತ ಅಂತಿದ್ದರೆ, ಸೆಕೆಂಡ್ ಹ್ಯಾಂಡ್ ಆರ್‌ಟಿಎಕ್ಸ್ 3060 12 ಜಿಬಿ ಹುಡುಕಿ. ಗೇಮ್‌ನಲ್ಲಿ 6600ಗೆ ಹತ್ತಿರ ಹತ್ತಿರ, ಸ್ವಲ್ಪ ಮುಂದೆ; ಆ ಕೆಲಸಗಳಲ್ಲಿ ಬಹಳ ಮುಂದೆ. 170 ವಾಟ್ ಕೇಳುತ್ತದೆ. ಅದರಲ್ಲೂ 8 ಜಿಬಿ, 128 ಬಿಟ್‌ನ ಬಡ ತಮ್ಮನೊಬ್ಬ ಇದ್ದಾನೆ, ಅವನನ್ನು ಮನೆಗೆ ತರಬೇಡಿ. "ಕಲಿತರೂ ಕಲಿತೇನು" ಅನ್ನುವ ಮಟ್ಟದ್ದಾದರೆ ಬೇಡ, ಆ ಹಣ ರ‍್ಯಾಮ್‌ಗೆ ಹೋಗಲಿ.

ನಿಮ್ಮ ಪ್ರೊಸೆಸರ್ ಕಾರಣಕ್ಕೆ ಎರಡು ಕಾರ್ಡ್‌ಗಳ ಬಗ್ಗೆ ಎಚ್ಚರಿಸಬೇಕು. ಹತ್ತನೇ ಪೀಳಿಗೆಯ ಇಂಟೆಲ್‌ನಲ್ಲಿ ಕಾರ್ಡಿಗೂ ಪ್ರೊಸೆಸರ್‌ಗೂ ನಡುವಿನ ದಾರಿ ಪಿಸಿಐಇ 3.0 ಮಾತ್ರ, ಒಂದೊಂದು ಲೇನಿನಲ್ಲಿ ಸೆಕೆಂಡಿಗೆ ಸುಮಾರು 1 ಜಿಬಿ ಸಾಗುತ್ತದೆ. 6600 ಎಂಟು ಲೇನ್ ಬಳಸುತ್ತದೆ, ನಿಮ್ಮ ಬೋರ್ಡಿನಲ್ಲಿ ಆಗುವ ನಷ್ಟ ಕಣ್ಣಿಗೆ ಕಾಣದಷ್ಟು. ಆರ್‌ಎಕ್ಸ್ 6500 ಎಕ್ಸ್‌ಟಿ ಬಳಸುವುದು ನಾಲ್ಕೇ ಲೇನ್, ಮೆಮೊರಿಯೂ 4 ಜಿಬಿ. ಅದು ತುಂಬಿ ತುಳುಕಿದ ಕೂಡಲೇ ಎಲ್ಲವೂ ಆ ಇಕ್ಕಟ್ಟಿನ ಸಂದಿಯಲ್ಲಿ ಓಡಾಡಬೇಕು, ಗೇಮ್ ಮುಗ್ಗರಿಸುತ್ತದೆ. ಇನ್ನೊಂದು ಇಂಟೆಲ್‌ನ ಆರ್ಕ್ ಬಿ580. 12 ಜಿಬಿಯ ಒಳ್ಳೆಯ ಕಾರ್ಡು, 2024ರ ಡಿಸೆಂಬರ್‌ನಲ್ಲಿ 249 ಡಾಲರಿಗೆ ಬಂದಾಗ ಎಲ್ಲರೂ ಹೊಗಳಿದರು. ಆದರೆ ಹಳೆಯ ಪ್ರೊಸೆಸರ್ ಜೊತೆ ಅದು ಸೊರಗುತ್ತದೆ, ರೀಸೈಜಬಲ್ ಬಾರ್ (ಕಾರ್ಡಿನ ಮೆಮೊರಿಯನ್ನು ಪ್ರೊಸೆಸರ್ ಒಟ್ಟಿಗೇ ಮುಟ್ಟುವ ಸೌಲಭ್ಯ) ಇಲ್ಲದಿದ್ದರಂತೂ ಕೇಳಲೇಬೇಡಿ. ಎಚ್410 ಬೋರ್ಡಿನಲ್ಲಿ ಅದಕ್ಕೆ ಬಯಾಸ್ ಅಪ್‌ಡೇಟ್ ಹುಡುಕಿಕೊಂಡು ಅಲೆಯಬೇಕಾದೀತು.

ಡಾಲರ್ ಅಂದ ತಕ್ಷಣ ನೆನಪಾಯಿತು. ಅಮೆರಿಕದವರ ವೀಡಿಯೊ ನೋಡಿ "249 ಡಾಲರ್ ಅಂದರೆ ಇಪ್ಪತ್ತೊಂದು, ಇಪ್ಪತ್ತೆರಡು ಸಾವಿರ ತಾನೇ" ಅಂತ ಅಂಗಡಿಯವರ ಜೊತೆ ಜಗಳಕ್ಕೆ ನಿಲ್ಲುವ ಹುಡುಗರನ್ನು ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ನೋಡಿದ್ದೇನೆ. ಅಲ್ಲಿಯ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. ಡಾಲರಿಗೆ 88 ಅಂತ ಹಿಡಿದು, ಮೇಲೆ ಶೇ. 18 ಜಿಎಸ್‌ಟಿ ಸೇರಿಸಿ: 26 ಸಾವಿರದ ಹತ್ತಿರ ಬರುತ್ತದೆ. ಅಂಗಡಿಯವರ ಲಾಭ ಇನ್ನೂ ಶುರುವಾಗಿಲ್ಲ.

ಗೆಳೆಯನ ಕಾರ್ಡನ್ನು ನೋಡುವ ಬಗೆ ಹೇಳುತ್ತೇನೆ. ಕೊರಿಯರ್ ಬೇಡ. ಹಬ್ಬಕ್ಕೋ ರಜೆಗೋ ಬೆಂಗಳೂರಿಗೆ ಹೋದಾಗ ಅವನ ಪಿಸಿಯಲ್ಲೇ, ಅವನ ಎದುರೇ ಓಡಿಸಿ ನೋಡಿ. ಸ್ನೇಹ ಬೇರೆ, ಸಾಮಾನು ಬೇರೆ. ಅವನಿಗೂ ಗೊತ್ತಿಲ್ಲದ ರೋಗ ಇರಬಹುದು. ಜಿಪಿಯು-ಜೆಡ್ ಅನ್ನುವ ಚಿಕ್ಕ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದರಲ್ಲಿ 1792 ಶೇಡರ್ (ಅಂದರೆ ಕೋರ್), 128 ಬಿಟ್, 8192 ಎಂಬಿ ಕಾಣಬೇಕು. ನಂತರ ಕಾರ್ಡನ್ನು ಪೂರ್ತಿ ದುಡಿಸಿ ನೋಡುವ ಫರ್‌ಮಾರ್ಕ್ ಹಾಕಿ ಹದಿನೈದು ನಿಮಿಷ ಬಿಡಿ, ಅಷ್ಟರಲ್ಲಿ ಕಾಫಿ ಕುಡಿಯಿರಿ, ಆದರೆ ಕಣ್ಣು ಪರದೆಯ ಮೇಲಿರಲಿ: ಬಣ್ಣದ ಚುಕ್ಕೆ, ಚೌಕ, ಗೆರೆ ಏನು ಕಂಡರೂ ಕಾರ್ಡ್ ಬೇಡ. ಸಾಮಾನ್ಯ ತಾಪಕ್ಕೂ ಹಾಟ್‌ಸ್ಪಾಟ್ (ಚಿಪ್‌ನ ಅತಿ ಬಿಸಿ ಜಾಗ) ತಾಪಕ್ಕೂ ಮೂವತ್ತು ಡಿಗ್ರಿ ಅಂತರ ಬಿದ್ದಿದ್ದರೆ ಥರ್ಮಲ್ ಪೇಸ್ಟ್ ಒಣಗಿದೆ. ಅದು ರಿಪೇರಿ ಆಗುವಂಥದ್ದು, ಐನೂರು ರೂಪಾಯಿ ಇಳಿಸಿ ಕೇಳಿ. ಫ್ಯಾನ್ ಕರಕರ ಅಂದರೂ ಅಷ್ಟೇ. ಹಿಂಬದಿಯ ಸ್ಕ್ರೂಗಳ ತಲೆ ಸವೆದಿದ್ದರೆ ಯಾರು, ಯಾಕೆ ಬಿಚ್ಚಿದ್ದರು ಅಂತ ಕೇಳಿ. 6600 ಬಂದದ್ದು 2021ರ ಅಕ್ಟೋಬರ್‌ನಲ್ಲಿ, ಎಥೀರಿಯಂ ಗಣಿಗಾರಿಕೆ ನಿಂತದ್ದು 2022ರ ಸೆಪ್ಟೆಂಬರ್ 15ಕ್ಕೆ. ಬಿಲ್ಲಿನ ತಾರೀಖು ಅದರ ನಂತರದ್ದಾದರೆ, ಹೊಸದಾಗಿಯೇ ಕೊಂಡದ್ದಾದರೆ, ಆ ಚಿಂತೆ ಇಲ್ಲ.

ಜಿಪಿಯು-ಜೆಡ್ ಮೇಲೆ ನಾನು ಇಷ್ಟು ಒತ್ತು ಕೊಡುವುದಕ್ಕೆ ಕಾರಣ ಇದೆ. ಪರಿಚಯದ ಹುಡುಗನೊಬ್ಬ ಮೂರು ಸಾವಿರಕ್ಕೆ "ಜಿಟಿಎಕ್ಸ್ 1050 ಟಿಐ" ತಂದು ತೋರಿಸಿದ. ವಿಂಡೋಸ್ ಕೂಡ ಹೌದು 1050 ಟಿಐ ಎಂದೇ ತೋರಿಸುತ್ತಿತ್ತು. ಹಿಂದೆ ತಿರುಗಿಸಿದರೆ ನೀಲಿ ವಿಜಿಎ ಪೋರ್ಟ್! ಎನ್ವಿಡಿಯಾ 10ರ ಪೀಳಿಗೆಯಲ್ಲೇ ಅನಲಾಗ್ ಸಿಗ್ನಲ್ ಕೈಬಿಟ್ಟಿತ್ತು, ಅಲ್ಲಿ ವಿಜಿಎ ಎಲ್ಲಿಂದ ಬರಬೇಕು? ಜಿಪಿಯು-ಜೆಡ್ ಹಾಕಿದರೆ ಹೆಸರಿನ ಹಿಂದೆಯೇ ಫೇಕ್ ಅಂತ ಬಂತು. ಒಳಗಿದ್ದದ್ದು ಬಯಾಸ್ ತಿದ್ದಿದ ಜಿಟಿಎಕ್ಸ್ 550 ಟಿಐ, 2011ರದ್ದು. ಹುಡುಗ ಮಾತೇ ಆಡಲಿಲ್ಲ, ಕಾರ್ಡನ್ನು ಮತ್ತೆ ಅದೇ ಬಬಲ್ ಕವರಿನಲ್ಲಿ ಸುತ್ತಿಕೊಂಡು ಹೋದ.

ರ‍್ಯಾಮ್. ಸೈಬರ್‌ಪಂಕ್ ಇವತ್ತು ಕನಿಷ್ಠ ಎಂದು ಕೇಳುವುದೇ 12 ಜಿಬಿ, ನಿಮ್ಮಲ್ಲಿರುವುದು 8. ಎಂಥ ಕಾರ್ಡ್ ಹಾಕಿದರೂ ಅದು ಎಡವಿ ಎಡವಿ ಓಡುತ್ತದೆ. ಎಚ್410ರಲ್ಲಿ ಎರಡು ಸ್ಲಾಟ್ ಇವೆ. ಇನ್ನೊಂದು 8 ಜಿಬಿ ಡಿಡಿಆರ್4 ಹಾಕಿದರೆ 16ಕ್ಕೆ 16 ಆಯಿತು, ಎರಡೂ ಒಟ್ಟಿಗೆ ದುಡಿಯುವ ಡ್ಯುಯಲ್ ಚಾನೆಲ್ಲೂ ಆಯಿತು. ನಿಮ್ಮ ಪ್ರೊಸೆಸರ್ ಓದುವುದು 2666ರ ವೇಗದಲ್ಲಿ, 3200 ಅಂತ ಬರೆದದ್ದಕ್ಕೆ ಹೆಚ್ಚು ತೆರಬೇಡಿ. 2025ರ ಕೊನೆಯಿಂದ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ಬಾಚಿಕೊಂಡು ರ‍್ಯಾಮ್ ರೇಟು ವಿಪರೀತ ಏರಿದೆ, ಆದ್ದರಿಂದ ಸೆಕೆಂಡ್ ಹ್ಯಾಂಡ್ ನೋಡಿ. ರ‍್ಯಾಮ್ ಸುಲಭಕ್ಕೆ ಕೆಡುವ ವಸ್ತುವಲ್ಲ. 12,500ಕ್ಕೆ ಕಾರ್ಡು, ಮೂರೂವರೆಯೊಳಗೆ ಎಸ್‌ಎಂಪಿಎಸ್, ಉಳಿದ ನಾಲ್ಕು ಸಾವಿರ ಇದಕ್ಕೆ. ಹೊಸ 3050 ತಂದಿದ್ದರೆ ಕೈಯಲ್ಲಿ ಎರಡೂವರೆ ಸಾವಿರ ಉಳಿದು, ರ‍್ಯಾಮ್ ಮತ್ತು ಎಸ್‌ಎಂಪಿಎಸ್‌ನಲ್ಲಿ ಯಾವುದನ್ನು ಬಿಡುವುದು ಅಂತ ಯೋಚಿಸಬೇಕಿತ್ತು.

ಏನು ಸಿಗುತ್ತದೆ ಅಂದರೆ: ಸೈಬರ್‌ಪಂಕ್ 1080ಪಿಯಲ್ಲಿ ಹೈ ಆಸುಪಾಸಿನ ಸೆಟ್ಟಿಂಗ್, ರೇ ಟ್ರೇಸಿಂಗ್ ಆಫ್, 60ರ ಅಕ್ಕಪಕ್ಕ. ಜಿಟಿಎ 5 ನಿಮ್ಮ ಮಾನಿಟರ್ ತೋರಿಸಬಲ್ಲದ್ದಕ್ಕಿಂತ ಹೆಚ್ಚು. ವ್ಯಾಲರಂಟ್ ವಿಷಯ ಹೇಳಬೇಕೆಂದರೆ, ಅದು ಕಾರ್ಡಿಗಿಂತ ಪ್ರೊಸೆಸರ್ ಮೇಲೆ ನಡೆಯುವ ಆಟ. 75 ಹರ್ಟ್ಸ್ ಮಾನಿಟರ್‌ಗೆ ಬೇಕಾದಷ್ಟು ಫ್ರೇಮ್ ಈ ಯಾವ ಕಾರ್ಡ್ ಹಾಕಿದರೂ ಬರುತ್ತದೆ.

ರಾಯಚೂರಿನ ಬೇಸಿಗೆಯನ್ನು ಮರೆಯುವಂತಿಲ್ಲ. ಏಪ್ರಿಲ್‌ನಲ್ಲಿ ಹೊರಗೆ 40 ದಾಟಿ, ಮಾಳಿಗೆ ಕಾದು, ಕೋಣೆಯೇ ಒಲೆಯಾಗಿರುವಾಗ ಕಾರ್ಡಿನ ಫ್ಯಾನ್ ಬೀಸುವುದೂ ಬಿಸಿ ಗಾಳಿಯನ್ನೇ. ಎಎಂಡಿಯ ಅಡ್ರಿನಲಿನ್ ತಂತ್ರಾಂಶದಲ್ಲಿ ಫ್ರೇಮ್‌ಗಳಿಗೆ 75ರ ಮಿತಿ ಹಾಕಿ. ಮಾನಿಟರ್ ತೋರಿಸಲಾರದ ಫ್ರೇಮ್‌ಗಳಿಗಾಗಿ ಕಾರ್ಡ್ ಬೆವರುವುದು ತಪ್ಪುತ್ತದೆ. ಅಲ್ಲೇ ಕಾರ್ಡನ್ನು ಕಡಿಮೆ ವೋಲ್ಟ್‌ನಲ್ಲಿ ಓಡಿಸುವ ಅಂಡರ್‌ವೋಲ್ಟ್ ಅನ್ನುವ ಗುಂಡಿ ಇದೆ, ಅದನ್ನೂ ಒತ್ತಿ. ಕ್ಯಾಬಿನೆಟ್ ಮುಂಬದಿ ಗಾಜಿನದಾಗಿದ್ದರೆ ಎರಡು ತಿಂಗಳು ಬಾಗಿಲು ತೆಗೆದೇ ಇಡಿ. ಧೂಳಿಗೆ ಹದಿನೈದು ದಿನಕ್ಕೊಮ್ಮೆ ಬ್ರಶ್. ಶಕ್ತಿನಗರದ ವಿದ್ಯುತ್ ಕೇಂದ್ರ ಪಕ್ಕದಲ್ಲೇ ಇದ್ದರೂ ಗಾಳಿಗೆ ತಂತಿ ಬಿದ್ದರೆ ಕರೆಂಟು ಹೋಗುವುದು ಹೋಗುವುದೇ. ಮನೆಯಲ್ಲಿ 600 ವಿಎ ಯುಪಿಎಸ್ ಇದ್ದರೆ ಅದು ಸಾಮಾನ್ಯವಾಗಿ 360 ವಾಟ್ ಹೊರುತ್ತದೆ. ಪಿಸಿ, ಮಾನಿಟರ್ ಎರಡಕ್ಕೂ ಸೇವ್ ಮಾಡಿ ಆಫ್ ಮಾಡುವಷ್ಟು ಹೊತ್ತು ಸಿಗುತ್ತದೆ, ಆಟ ಮುಂದುವರಿಸುವ ಹಟ ಬೇಡ.

ಮಾನಿಟರ್ ಹಿಂದೆ ಎಚ್‌ಡಿಎಂಐ ಇದೆಯೇ ನೋಡಿಕೊಳ್ಳಿ, 6600ನಲ್ಲಿ ವಿಜಿಎ ಇರುವುದಿಲ್ಲ. ಅಗ್ಗದ 75 ಹರ್ಟ್ಸ್ ಮಾನಿಟರ್‌ಗಳಲ್ಲಿ ಹಲವಕ್ಕೆ ಎಚ್‌ಡಿಎಂಐ ಮೇಲೆಯೇ ಫ್ರೀಸಿಂಕ್ ಇರುತ್ತದೆ, ಅದು ಎಎಂಡಿ ಕಾರ್ಡಿಗೆ ನೇರವಾಗಿ ಒಗ್ಗುತ್ತದೆ. ಸೆಟ್ಟಿಂಗ್‌ನಲ್ಲಿ ಆನ್ ಮಾಡಿದರೆ ಚಿತ್ರ ಹರಿದಂತೆ ಕಾಣುವುದು ನಿಲ್ಲುತ್ತದೆ. ಎಲ್ಲ ಹಾಕಿ, ಡ್ರೈವರ್ ಇನ್‌ಸ್ಟಾಲ್ ಮಾಡಿ, ಮೊದಲ ರಾತ್ರಿ ಗೇಮ್ ಮೊದಲಿನಷ್ಟೇ ಎಳೆದಾಡುತ್ತಿದ್ದರೆ ಗೆಳೆಯನಿಗೆ ಫೋನ್ ಮಾಡಿ ಬೈಯುವ ಮುಂಚೆ ಪಿಸಿ ಹಿಂದೆ ಬಗ್ಗಿ ನೋಡಿ: ಹತ್ತರಲ್ಲಿ ಎಂಟು ಸಲ ಎಚ್‌ಡಿಎಂಐ ಕೇಬಲ್ ಅಭ್ಯಾಸಬಲದಿಂದ ಮದರ್‌ಬೋರ್ಡಿನ ಪೋರ್ಟಿನಲ್ಲೇ ಸಿಕ್ಕಿಸಿರುತ್ತೇವೆ. ಕೆಳಗಿನ ಸಾಲಿನಲ್ಲಿ, ಕಾರ್ಡಿನ ಪೋರ್ಟಿಗೆ ಹಾಕಬೇಕು.